ಬಾಣಂತನಕ್ಕೆ ಇಲ್ಲಿಗೆ ಬರಬೇಡ

ಹದಿನೈದನೇ ಅಡ್ಡರಸ್ತೆ, ಮಲ್ಲೇಶ್ವರಂ
೯ ಆಗಸ್ಟ್ ೨೦೨೬, ಭಾನುವಾರ

ಪ್ರೀತಿಯ ಆರಾಧನಾ,

ಅಮ್ಮನ ಆಶೀರ್ವಾದ. ನೀನು ಮೆಸೇಜ್ ಕಳಿಸಿ ಹನ್ನೆರಡು ದಿನವಾಯಿತು. "ಅಮ್ಮಾ, ಮತ್ತೆ ಆಗಿದೆ. ಬಾಣಂತನಕ್ಕೆ ಈ ಸಲಾನೂ ಅಲ್ಲಿಗೇ ಬರ್ಲಾ?" ಎಂದಷ್ಟೇ ಬರೆದಿದ್ದೆ. ನಾನು ಅದನ್ನು ಓದಿದ್ದೇನೆಂದು ನಿನಗೂ ಗೊತ್ತು. ಓದಿಯೂ ಉತ್ತರ ಕೊಡದವಳು ಎಂಥ ತಾಯಿ ಎಂದು ಬೈದುಕೊಂಡಿದ್ದರೆ ಸರಿಯಾಗಿಯೇ ಬೈದಿದ್ದೀಯ. ಎರಡು ಸಲ ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿ ಮಾರ್ಕೆಟ್ ಸ್ಟೇಷನ್ನಿನಲ್ಲಿ ಇಳಿದೆ. ಅಲ್ಲಿಂದ ಚಾಮರಾಜಪೇಟೆಗೆ ಆಟೋ ಹತ್ತಲು ಧೈರ್ಯ ಸಾಲದೆ, ಒಂದು ಸಲ ಸೇವಂತಿಗೆ ಕೊಂಡು, ಇನ್ನೊಂದು ಸಲ ಬರಿಗೈಯಲ್ಲಿ ವಾಪಸ್ಸು ಬಂದೆ. ಎದುರಿಗೆ ನಿಂತರೆ ಪಾಠ ಮಾಡಿ ತಪ್ಪಿಸಿಕೊಳ್ಳುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ವಿಶೇಷವೇನಿಲ್ಲ. ಮೇಲಿನ ಟ್ಯಾಂಕು ಇನ್ನೂ ಸೋರುತ್ತಿದೆ. ಹೋದ ಸಲ ನಿನಗೂ ಮಗುವಿಗೂ ಎಣ್ಣೆನೀರು ಹಾಕಿದ ಸುಂದರಮ್ಮ ಮಂಡಿನೋವೆಂದು ಕೆಲಸ ಬಿಟ್ಟಿದ್ದಾಳೆ. ಬಾಗಿಲಿಗೆ ಬಂದರೆ ನಿನ್ನನ್ನು ಕೇಳುತ್ತಾಳೆ, ನಾನು ಚೆನ್ನಾಗಿದ್ದಾಳೆ ಎನ್ನುತ್ತೇನೆ.

ಮೊನ್ನೆ ರಾಘವ ಫೋನ್ ಮಾಡಿದ್ದ. "ಅತ್ತೆ, ಇವಳು ಸೂಜಿದಾರದ ಡಬ್ಬಾನ ಅಟ್ಟಕ್ಕೆ ಹಾಕ್ಬಿಟ್ಟಿದಾಳೆ. ಚಾಕು ಮುಟ್ಟಲ್ಲ, ತರಕಾರಿ ನಾನೇ ಹೆಚ್ಚಿಕೊಡ್ತಿದೀನಿ. ಈ ಮಗು ಬೇಡ, ತೆಗೆಸ್ಬಿಡೋಣ ಅಂತಿದಾಳೆ. ಗುರುವಾರ ಡಾಕ್ಟರ ಹತ್ರ ಹೋಗ್ಬೇಕು, ನೀವಾದ್ರೂ ಮಾತಾಡಿ" ಎಂದ. ಗ್ರಹಣದ ಹೊತ್ತಿನಲ್ಲಿ ಸೂಜಿ ಹಿಡಿದದ್ದಕ್ಕೇ ಆ ಮಗುವಿಗೆ ಹಾಗಾಯಿತು ಎಂದು ನಿಮ್ಮತ್ತೆ ಕಾವೇರಮ್ಮನವರು ಒಂದೇ ಒಂದು ಸಲ ಅಂದರಂತೆ. ನೀನು ಅದನ್ನು ಏಳು ತಿಂಗಳಿಂದ ಎದೆಯಲ್ಲಿಟ್ಟುಕೊಂಡು ಕೂತಿದ್ದೀಯ.

ಇಪ್ಪತ್ತೊಂಬತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟವಳು ನಾನು, ಸ್ವಲ್ಪ ಕೇಳಿಸಿಕೋ. ನಾಲ್ಕನೇ ವಾರದಲ್ಲಿ ಭ್ರೂಣಕ್ಕೆ ಮುಖವೆಂಬುದೇ ಇರುವುದಿಲ್ಲ. ಬಾಯಿಯಾಗಬೇಕಾದ ಗುಳಿಯ ಸುತ್ತ ಐದು ಉಬ್ಬುಗಳಿರುತ್ತವೆ, ಹಣೆಯ ಕಡೆಯಿಂದ ಒಂದು, ಮೇಲ್ದವಡೆಗೆ ಎರಡು, ಕೆಳದವಡೆಗೆ ಎರಡು. ಇವು ಬೆಳೆಯುತ್ತ ಒಂದನ್ನೊಂದು ಮುಟ್ಟಿ ಬೆಸೆದುಕೊಳ್ಳಬೇಕು. ಮೇಲ್ದವಡೆಯ ಉಬ್ಬು ಮೂಗಿನ ಕಡೆಯ ಉಬ್ಬನ್ನು ಸೇರದೇ ಹೋದರೆ ತುಟಿ ಸೀಳಾಗಿ ಉಳಿಯುತ್ತದೆ. ಅದು ಆರೇಳನೇ ವಾರದ ಮಾತು. ಅಂಗುಳದ ಕೆಲಸ ಇನ್ನೂ ತಡ. ಅದರ ಎರಡು ಹಾಳೆಗಳು ಮೊದಲು ನಾಲಿಗೆಯ ಅಕ್ಕಪಕ್ಕ ಕೆಳಕ್ಕೆ ಜೋತುಬಿದ್ದಿರುತ್ತವೆ. ನಾಲಿಗೆ ತಗ್ಗಿ ಜಾಗ ಬಿಟ್ಟಾಗ ಮೇಲೆದ್ದು, ಅಡ್ಡಲಾಗಿ ಮಲಗಿ, ಮುಂದಿನಿಂದ ಹಿಂದಕ್ಕೆ ಕೂಡಿಕೊಳ್ಳುತ್ತವೆ. ಹನ್ನೆರಡನೇ ವಾರಕ್ಕೆ ಎಲ್ಲ ಮುಗಿದಿರುತ್ತದೆ. ಏಳುವುದು ತಡವಾದರೆ, ಅಥವಾ ಮುಟ್ಟಿಯೂ ಬೆಸೆಯದಿದ್ದರೆ, ನಡುವೆ ಬಿರುಕು ಉಳಿಯುತ್ತದೆ. ನಮ್ಮ ಮಗು ಯಶಶ್ರೀಗೆ ತುಟಿ ಚೆನ್ನಾಗಿ ಕೂಡಿತ್ತು, ಅಂಗುಳದ ಹಿಂಭಾಗ ಕೂಡಲಿಲ್ಲ. ಸೆಪ್ಟೆಂಬರಿನ ಗ್ರಹಣ ಬಂದಾಗ ನಿನಗೆ ಐದು ತಿಂಗಳು. ಅದಕ್ಕೆ ಒಂದೂವರೆ ತಿಂಗಳ ಮುಂಚೆಯೇ ಆಗಬೇಕಾದ್ದು ಆಗಿಹೋಗಿತ್ತು. ಅವತ್ತು ನೀನು ಬ್ಲೌಸಿಗೆ ಹುಕ್ಕು ಹಾಕಿದರೂ ಅಷ್ಟೇ, ದೇವರ ಮುಂದೆ ಕೂತಿದ್ದರೂ ಅಷ್ಟೇ.

ಯಾಕೆ ಕೂಡಲಿಲ್ಲ ಎಂದರೆ ಬಹಳ ಸಲ ಯಾರಿಗೂ ಗೊತ್ತಾಗುವುದಿಲ್ಲ. ಕೆಲವು ಮಾತ್ರೆಗಳಿಂದ ಆಗಬಹುದು, ಕೆಲವು ಮನೆತನಗಳಲ್ಲಿ ಬರಬಹುದು. ನಮ್ಮ ಮನೆತನದಲ್ಲಿ ಇದೆ. ನಿನ್ನ ಅನಿರುದ್ಧ ಮಾಮನ ಮಾತು ಮೂಗಿನಲ್ಲಿ ಬರುವುದು ನೆಗಡಿಯಿಂದಲ್ಲ, ಅವನಿಗೂ ಇದೇ ಇತ್ತು. ನಮ್ಮಮ್ಮ ಆರು ತಿಂಗಳು ಅವನನ್ನು ನೆಟ್ಟಗೆ ಕೂರಿಸಿಕೊಂಡು ಬೆಳ್ಳಿ ಒಳಲೆಯಲ್ಲಿ ತೊಟ್ಟುತೊಟ್ಟಾಗಿ ಹಾಲು ಕುಡಿಸಿ ಬದುಕಿಸಿದಳು. ರಾಘವನ ಕಡೆಯವರು ನಿನ್ನನ್ನು ನೋಡಲು ಬಂದ ದಿನ ನಾನೇ ಅವನನ್ನು ಮೈಸೂರಿಗೆ ಸಾಗಹಾಕಿದ್ದೆ. ಗುರುವಾರ ಡಾಕ್ಟರಿಗೆ ಇದನ್ನು ಮೊದಲು ಹೇಳು.

ಇನ್ನು ಆ ದಿನಗಳ ಮಾತು. ಹುಟ್ಟಿದಾಗ ತುಟಿ ಚೆನ್ನಾಗಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ನಾಲ್ಕನೇ ದಿನ ಸುಂದರಮ್ಮ, "ಅಮ್ಮೋರೆ, ಹಾಲೆಲ್ಲ ಮಗೀನ ಮೂಗಲ್ಲಿ ಬತ್ತೈತೆ, ಒಂದ್ಸಲ ಬಾಯೊಳಗೆ ನೋಡಿ" ಎಂದಳು. ಎಷ್ಟೋ ಮಕ್ಕಳಿಗೆ ಹಾಗಾಗುತ್ತೆ, ನಿನ್ನ ಕೆಲಸ ನೋಡಿಕೋ ಎಂದೆ. ನಿನಗೆ ಹಾಲೂಡಿಸಲು ಬರುವುದಿಲ್ಲ ಎಂದು ದಿನಾ ಬೈದೆ. ನೀನು ಅತ್ತುಕೊಂಡೇ ಕುಡಿಸುತ್ತಿದ್ದೆ. ಮಗು ಅರ್ಧ ಗಂಟೆ ಚೀಪಿದರೂ ಹೊಟ್ಟೆ ತುಂಬುತ್ತಿರಲಿಲ್ಲ, ದಿನದಿನಕ್ಕೆ ಸೊರಗುತ್ತಿತ್ತು. ಎಷ್ಟೋ ಹುಡುಗಿಯರಿಗೆ ಅಂಗುಳದ ಚಿತ್ರ ಬರೆದು ತೋರಿಸಿದವಳು ನನ್ನ ಮೊಮ್ಮಗಳ ಬಾಯಿ ತೆರೆದು ನೋಡಲಿಲ್ಲ. ಹನ್ನೊಂದನೇ ದಿನ ನಾಮಕರಣ, ಹದಿಮೂರನೇ ದಿನ ಆಸ್ಪತ್ರೆ. ಹಾಲು ಶ್ವಾಸಕೋಶಕ್ಕೆ ಇಳಿದಿತ್ತು. ಆ ಚಿಕ್ಕ ವಯಸ್ಸಿನ ಡಾಕ್ಟರು ಟಾರ್ಚ್ ಬಿಟ್ಟು, "ಇದನ್ನ ಮನೇಲಿ ಯಾರೂ ನೋಡೇ ಇಲ್ವಾ?" ಎಂದು ಕೇಳಿದರು. ನೀನು ಇಲ್ಲ ಎಂದೆ. ನಾನೂ ಇಲ್ಲ ಎಂದೆ. ಹದಿನಾರನೇ ದಿನ ಮಗು ಹೋಯಿತು.

ಈಗ ನಿನಗೆ ಡಾಕ್ಟರ ಲೆಕ್ಕದಲ್ಲಿ ಒಂಬತ್ತು ವಾರ, ಮಗುವಿನ ಲೆಕ್ಕದಲ್ಲಿ ಏಳು. ಆ ಹಾಳೆಗಳು ಇನ್ನೂ ಕೆಳಗೇ ಇವೆ. ಮೇಲೆದ್ದು ಕೂಡುತ್ತವೋ ಇಲ್ಲವೋ ನಾನು ಹೇಳಲಾರೆ, ಕೂಡುವ ಸಾಧ್ಯತೆಯೇ ಜಾಸ್ತಿ. ಬಿಡುವುದು, ಇಟ್ಟುಕೊಳ್ಳುವುದು ನಿನ್ನ ತೀರ್ಮಾನ. ಆದರೆ ನಿನ್ನ ಕೈಯಿಂದ ಮಗು ಹೋಯಿತು ಎಂಬ ಲೆಕ್ಕದ ಮೇಲೆ ತೀರ್ಮಾನ ಮಾಡಬೇಡ. ಇಟ್ಟುಕೊಂಡರೆ ಒಂದು ನೆನಪಿಡು, ಅಂಗುಳವೊಂದೇ ಸೀಳಿದ್ದರೆ ಸ್ಕ್ಯಾನಿಂಗಿನಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ಹುಟ್ಟಿದ ಕೂಡಲೇ ಟಾರ್ಚ್ ಹಿಡಿದು ಬಾಯಿ ಪೂರ್ತಿ ನೋಡಿ ಎಂದು ರಾಘವ ಕೇಳಿಕೊಳ್ಳಲಿ. ಬಿರುಕಿದ್ದರೂ ಮಗು ಬದುಕುತ್ತದೆ, ಆಪರೇಷನ್ ಇದೆ. ನೆಟ್ಟಗೆ ಕೂರಿಸಿ ಕುಡಿಸಬೇಕು, ಅಷ್ಟೇ. ಅಮ್ಮನ ಒಳಲೆಯನ್ನು ಇದರ ಜೊತೆ ಕಳಿಸಿದ್ದೇನೆ. ಕಾವೇರಮ್ಮನವರ ಕೈಗೆ ಕೊಡು, ಈ ಪತ್ರವನ್ನೂ ಅವರಿಗೆ ತೋರಿಸು.

ನೀನು ಕೇಳಿದ ಪ್ರಶ್ನೆಗೆ ಉತ್ತರ: ಬಾಣಂತನಕ್ಕೆ ಇಲ್ಲಿಗೆ ಬರಬೇಡ. ಅಲ್ಲೇ ಇರು. ಹೊತ್ತುಹೊತ್ತಿಗೆ ಊಟ ಮಾಡು, ಡಾಕ್ಟರು ಕೊಟ್ಟ ಫೋಲಿಕ್ ಮಾತ್ರೆ ತಪ್ಪಿಸಬೇಡ. ನೀನೂ ರಾಘವನೂ ನೂರು ಕಾಲ ಸುಖವಾಗಿರಿ.

ನಿನ್ನ ಅಮ್ಮ,
ಯಶೋಧರಾ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ, ಬಾಯಿ ತೆರೆದು ನೋಡಲಿಲ್ಲ ಎಂದದ್ದು. ಹೊಡೆದುಹಾಕಬಹುದಿತ್ತು. ಅದು ನನಗೆ ಎಷ್ಟು ಸಲೀಸಾಗಿ ಬರುತ್ತದೆಂದು ನಿನಗೆ ಗೊತ್ತಾಗಲಿ ಎಂದು ಬಿಟ್ಟಿದ್ದೇನೆ. ಒಂಬತ್ತನೇ ದಿನ ಬೆಳಿಗ್ಗೆ ಕಿಟಕಿಯ ಬಳಿ ಮಗು ಬಾಯಿಬಿಟ್ಟು ಅಳುವಾಗ ನೋಡಿದೆ. ಅದೇನೆಂದು ಗುರುತಿಸಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ನಾಮಕರಣಕ್ಕೆ ಎರಡು ದಿನವಿತ್ತು, ನಿಮ್ಮ ಕಡೆಯಿಂದ ನಲವತ್ತು ಜನ ಬರುವವರಿದ್ದರು. ಈಗ ಹೇಳಿದರೆ ಅನಿರುದ್ಧನ ವಿಷಯ ಎದ್ದುಕೂರುತ್ತದೆ, ಮುಚ್ಚಿಟ್ಟು ಮದುವೆ ಮಾಡಿದರು ಎನ್ನುತ್ತಾರೆ, ಎರಡು ದಿನ ತಾನೇ ಎಂದುಕೊಂಡೆ. ಹೊರಗೆ ಬಂದು, ನಾಮಕರಣದ ತಟ್ಟೆಯಲ್ಲಿ ಇಡಲೆಂದು ಇದೇ ಒಳಲೆಗೆ ವಿಭೂತಿ ಹಚ್ಚಿ ತಿಕ್ಕುತ್ತ ಕೂತೆ. ಒಳಗಿನಿಂದ ನೀನು, "ಅಮ್ಮಾ, ಮತ್ತೆ ಮೂಗಲ್ಲಿ ಬಂತು" ಎಂದು ಕೂಗಿದೆ. ಸರಿಯಾಗಿ ಹಿಡ್ಕೋ ಎಂದೆ.