ಮಣ್ಣಿನ ದಿನದ ಓಟು

ಕಾಮೆನ್‌ಬಾನ್ಯಾ
ನವೆಂಬರ್ 11

ಪ್ರೀತಿಯ ಕಲಿನಾ,

ಅಮ್ಮನ ಮುತ್ತುಗಳು. ನೀನು ಕಳಿಸಿದ ಕಾರಿನವನು ಅಡುಗೆಮನೆಯಲ್ಲಿ ಕೂತು ಚೀಸ್ ತುಂಬಿದ ಬನಿತ್ಸಾ ತಿನ್ನುತ್ತಿದ್ದಾನೆ. ಬೇಡ ಬೇಡ ಎನ್ನುತ್ತಲೇ ಎರಡನೆಯ ತುಂಡನ್ನೂ ಮುಗಿಸಿದ. ಸೋಫಿಯಾದಲ್ಲಿ ನೀವು ಅವನಿಗೆ ಹೊಟ್ಟೆಗೆ ಏನೂ ಹಾಕುವುದಿಲ್ಲವೇನೋ. ಅವನು ತಂದ ಕಾಗದ ನನ್ನ ಮುಂದಿದೆ. ಒಂದು ಸಹಿ ಹಾಕಿ ಅವನ ಕೈಯಲ್ಲೇ ವಾಪಸು ಕಳಿಸು, ಅಷ್ಟೇ ಅಮ್ಮ ಎಂದು ನೀನು ನಿನ್ನೆ ಫೋನಿನಲ್ಲಿ ಹೇಳಿದೆ. ಸಹಿಯ ಬದಲು ಈ ಪತ್ರ ಬರುತ್ತದೆ. ಫೋನಿನಲ್ಲಿ ನಿನ್ನ ಮಾತಿನ ಮುಂದೆ ನಾನು ಯಾವತ್ತೂ ನಿಂತವಳಲ್ಲ. ಸರಿ ಮಗಳೇ, ಸರಿ ಮಗಳೇ ಎಂದು ಇಟ್ಟುಬಿಡುತ್ತೇನೆ, ಆಮೇಲೆ ಕೂತು ಅಳುತ್ತೇನೆ.

ನಾನು ಚೆನ್ನಾಗಿದ್ದೇನೆ. ಮಂಡಿ ಹಾಗೇ ಇದೆ. ಈ ವರ್ಷದ ಕೋಸನ್ನೆಲ್ಲ ಉಪ್ಪು ಹಾಕಿ ಪೀಪಾಯಿಗೆ ತುಂಬಿದೆ. ಒಬ್ಬಳೇ ಇದ್ದೇನೆ, ಇಷ್ಟು ಯಾಕೆ ಮಾಡಿದೆನೋ ಗೊತ್ತಿಲ್ಲ.

ಎಲ್ಲ ಶುರುವಾದದ್ದು ಬುಗ್ಗೆಯ ಹತ್ತಿರ. ಬೇಸಿಗೆಯಿಂದ ಅಲ್ಲಿ ಒಂದೇ ನಲ್ಲಿ ಹರಿಯುತ್ತಿರುವುದು ನಿನಗೆ ಗೊತ್ತು. ಮಿಕ್ಕವು ಒಣಗಿವೆ, ಹೊಸ ಕಾನೂನು ಬಂದ ಮೇಲೆ ನೀರೆಲ್ಲ ಮೇಲಿನ ಬಾಟಲಿ ಕಾರ್ಖಾನೆಗೆ ಹೋಗುತ್ತದೆ. ಹಾಗಾಗಿ ನಾವು ಕ್ಯಾನು ಹಿಡಿದುಕೊಂಡು ಅರ್ಧ ಬೆಳಗ್ಗೆ ಅಲ್ಲೇ ನಿಲ್ಲುತ್ತೇವೆ. ಹೊಲಿಗೆ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೆಷಿನ್ನಿನಲ್ಲಿ ಕೂರುತ್ತಿದ್ದ ಗಿನ್ಕಾ, ನಿನಗೆ ಮೊದಲ ಟೋಪಿ ಹೊಲಿದುಕೊಟ್ಟವಳು, ಹೋದ ವಾರ ಮಗಳು ಸ್ಪೇನಿನಿಂದ ಕಳಿಸಿದ ಫೋನು ತಂದಿದ್ದಳು. ಯಾರೋ ಹುಡುಗರು ಸಂಸದರೆಲ್ಲರ ಜಾತಕ ಅದರಲ್ಲಿ ಬರೆದು ಹಾಕಿದ್ದಾರಂತೆ. ಯಾವ ಕಾನೂನಿಗೆ ಯಾರು ಓಟು ಹಾಕಿದರು, ಎಷ್ಟು ಸಲ ಎದ್ದು ಮಾತಾಡಿದರು, ಹೊರಗೆ ಅವರಿಗೆ ಏನೇನು ವ್ಯಾಪಾರವಿದೆ, ಎಲ್ಲ.

“ಬನ್ರೇ, ನಮ್ಮ ಹುಡುಗೀದು ಓದ್ತೀನಿ,” ಎಂದಳು ಗಿನ್ಕಾ. “ಅಯ್ಯೋ ರಾದ್ಕಾ, ನಾಲ್ಕು ವರ್ಷದಲ್ಲಿ ನಿನ್ನ ಮಗಳು ಎರಡೇ ಎರಡು ಸಲ ಬಾಯಿ ಬಿಟ್ಟಿದ್ದಾಳಲ್ಲೇ! ಒಂದ್ಸಲ ಜೇನು ಸಾಕೋರ ವಿಷಯ. ಇನ್ನೊಂದ್ಸಲ, ಕೇಳ್ರಿ ಇದನ್ನ, ‘ಅಧ್ಯಕ್ಷರೇ, ಚಳಿ ಆಗ್ತಿದೆ, ಆ ಕಿಟಕಿ ಮುಚ್ಚಿಸಿ’ ಅಂತ!”

“ಮುಚ್ಚಿಸಿದ್ರಾ ಇಲ್ವಾ, ಅದು ಬರ್ದಿದ್ದಾರಾ ನೋಡು,” ಎಂದ ಹಿಂದೆ ನಿಂತಿದ್ದ ಬಸ್ಸಿನವನು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಶಾಲೆಯಲ್ಲಿ ನಿನ್ನ ಬಾಯಿ ಮುಚ್ಚಿಸಲು ಮೇಷ್ಟರು ಪಡುತ್ತಿದ್ದ ಪಾಡು ಅವರಿಗೂ ಗೊತ್ತಲ್ಲ. ಆಮೇಲೆ ಗಿನ್ಕಾ ಬೆರಳಾಡಿಸುತ್ತಾ ಹೋಗಿ ಒಂದು ಕಡೆ ನಿಂತಳು. ಅವಳ ನಗು ನಿಂತಿತು. ಬುಗ್ಗೆ ನೀರಿನ ಕಾನೂನು, ಜೂನ್ ಹನ್ನೆರಡು, ಹನ್ನೊಂದು ಗಂಟೆ ನಲವತ್ತು ನಿಮಿಷ, ಕಲಿನಾ ಪ್ರೊದಾನೋವಾ, ಪರ. ಅದನ್ನು ಓದಿ ಅವಳು ತಲೆ ಎತ್ತಿದರೆ ಎದುರಿಗೇ ಕಂಬದ ಮೇಲೆ ನಿನ್ನ ಅಪ್ಪ.

ಸೋಫಿಯಾದಲ್ಲಿದ್ದು ಇದನ್ನು ನೀನು ಮರೆತೆಯೋ ಏನೋ. ನಮ್ಮಲ್ಲಿ ಸತ್ತವರ ಫೋಟೋ ಹಾಕಿ ಅಂಟಿಸುವ ಚೀಟಿಯನ್ನು ಯಾರೂ ಕೀಳುವುದಿಲ್ಲ. ಗಾಳಿ ಮಳೆ ತಾವಾಗಿ ಒಯ್ಯುವ ತನಕ ಅದು ಅಲ್ಲೇ ಇರುತ್ತದೆ. ಬುಗ್ಗೆಯ ಕಂಬಕ್ಕೆ ತಗಡಿನ ಮಾಡಿದೆ, ಅಲ್ಲಿ ಮಳೆಯೂ ಬೀಳುವುದಿಲ್ಲ. ಮೈದಾ ಗೋಂದು ಕಾಯಿಸಿ ಅಂಟಿಸಿದವಳು ನಾನೇ. ಟೈ ಕಟ್ಟಿದ ಫೋಟೋ, ಕೆಳಗೆ ದೊಡ್ಡ ಅಕ್ಷರದಲ್ಲಿ, ಅಂತ್ಯಕ್ರಿಯೆ ಜೂನ್ ಹನ್ನೆರಡರಂದು ಬೆಳಗ್ಗೆ ಹನ್ನೊಂದು ಗಂಟೆಗೆ.

ಎಲ್ಲರೂ ಒಟ್ಟಿಗೇ ಬಾಯಿ ಮಾಡಿದರು. “ಅಲ್ರೇ, ಅಷ್ಟೊತ್ತಿಗೆ ಅವಳು ನಮ್ಮ ಜೊತೆ ಸ್ಮಶಾನದಲ್ಲಿದ್ದಳಲ್ಲ! ನಾನೇ ಕಣ್ಣಾರೆ ನೋಡಿದೀನಿ, ಅಪ್ಪನ ಹಣೆಗೆ ಮುತ್ತು ಕೊಟ್ಟಳು!” “ಯಾವನೋ ಕಳ್ಳ ನನ್ಮಗ ಇವಳ ಓಟಿನ ಕಾರ್ಡ್ ಹಾಕಿ ಗುಂಡಿ ಒತ್ತಿದಾನೆ ಕಣ್ರೀ! ಅಪ್ಪ ಸತ್ತವಳ ಕಾರ್ಡು! ಅವನ ಕೈ ಸೇದಿ ಹೋಗ!” ಗಿನ್ಕಾ ನನ್ನನ್ನು ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟಳು. “ನಾನು ಬೇಸಿಗೆಯಿಂದ ನಿನ್ನ ಮಗಳನ್ನ ಬೈಕೊಂಡು ಓಡಾಡಿದೆ ಕಣೇ. ಕ್ಷಮಿಸಿಬಿಡೇ ನನ್ನ,” ಎಂದು ಅತ್ತಳು. ಸಾಲಿನಲ್ಲಿ ನನ್ನನ್ನು ಮುಂದೆ ಬಿಟ್ಟರು. ನಾನು ಬಾಯಿಗೆ ಬೀಗ ಹಾಕಿಕೊಂಡು ಕ್ಯಾನು ತುಂಬಿಕೊಂಡು ಬಂದೆ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಅದಾದ ಮೇಲೆ ಶನಿವಾರ ಪೇಪರಿನಲ್ಲಿ ಇನ್ನೊಂದು ಬಂತು. ಅದನ್ನು ನೀನು ಓದಿದ್ದೀಯೆ. ಸಂಸತ್ತಿಗೆ ನೀನು ಬರೆದುಕೊಟ್ಟದ್ದರಲ್ಲಿ ಹೊರಗಿನ ವ್ಯಾಪಾರ ಎನ್ನುವ ಕಡೆ ‘ಇಲ್ಲ’ ಎಂದಿದೆಯಂತೆ, ಬಾಟಲಿ ಕಾರ್ಖಾನೆಯ ಪಾಲು ಮಾತ್ರ ರಾದ್ಕಾ ಪ್ರೊದಾನೋವಾ ಎಂಬ ನಿವೃತ್ತ ದರ್ಜಿಯ ಹೆಸರಿನಲ್ಲಿದೆಯಂತೆ. ದರ್ಜಿಯ ಫೋಟೋ ಸಹ ಹಾಕಿದ್ದಾರೆ, ಯಾರದೋ ಮದುವೆಯಲ್ಲಿ ಕುಣಿಯುತ್ತಿರುವುದು. ಅಪ್ಪನಿಗೆ ಕಾಯಿಲೆ, ಮುಂದೆ ಮನೆಯ ವಿಷಯದಲ್ಲಿ ನಿನಗೆ ತೊಂದರೆಯಾಗಬಾರದು ಅಮ್ಮ ಎಂದು ಹೇಳಿ ನೀನು ನೋಟರಿಯ ಹತ್ತಿರ ನನ್ನನ್ನು ಕರೆದೊಯ್ದು ಸಹಿ ಹಾಕಿಸಿದೆ. ಆವತ್ತು ಕನ್ನಡಕ ಮನೆಯಲ್ಲಿ ಮರೆತಿದ್ದೆ ಎಂದು ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದೇನೆ. ನಿನ್ನ ಹತ್ತಿರ ಸುಳ್ಳು ಯಾಕೆ, ಕನ್ನಡಕ ಮೂಗಿನ ಮೇಲೇ ಇತ್ತು. ನೀರು ಎನ್ನುವ ಪದ ಕಂಡಿತು. ಕೇಳಿದೆ. “ಸುಮ್ನೆ ನಿನ್ನ ಹೆಸರಿರ್ಲಿ ಅಮ್ಮ,” ಎಂದೆ ನೀನು. ಸುಮ್ಮನೆ ಇರಲಿ ಎಂದು ಬಿಟ್ಟೆ. ಆ ಚಳಿಗಾಲಕ್ಕೆ ಹೊಸ ಬಾಯ್ಲರ್ ಬಂತು, ಮನೆ ಬೆಚ್ಚಗಾಯಿತು, ನಾನು ಇನ್ನೊಂದು ಮಾತು ಕೇಳಲಿಲ್ಲ.

ಪೇಪರಿನಲ್ಲಿ ಬಂದ ಮರುದಿನ ಬುಗ್ಗೆಗೆ ಹೋದರೆ ಬಸ್ಸಿನವನು ಟೋಪಿ ತೆಗೆದು ಬಗ್ಗಿದ. “ಜಾಗ ಬಿಡ್ರಪ್ಪಾ, ಧಣಿಗಳು ಬಂದ್ರು!” ಗಿನ್ಕಾ ನಗಲಿಲ್ಲ. ನನ್ನ ಕ್ಯಾನು ನೋಡಿ ಮೆಲ್ಲಗೆ ಹೇಳಿದಳು, “ನಿನ್ನ ನೀರಿಗೆ ನೀನ್ಯಾಕೆ ಸಾಲು ನಿಲ್ತೀಯಾ ರಾದ್ಕಾ? ಮೇಲಿಂದ ಒಂದು ಲಾರಿ ತರಿಸ್ಕೊಳೇ.” ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಖಾಲಿ ಕ್ಯಾನು ಹಿಡಿದು ವಾಪಸು ಬಂದೆ. ಆವತ್ತಿನಿಂದ ಮನೆಯ ನಲ್ಲಿಯ ನೀರನ್ನೇ ಕುಡಿಯುತ್ತಿದ್ದೇನೆ, ಔಷಧಿಯ ವಾಸನೆ ಬರುತ್ತದೆ.

ಇಷ್ಟಾದರೂ ಊರಿನವರು ನಿನ್ನನ್ನು ಪೂರ್ತಿ ಕೈಬಿಟ್ಟಿಲ್ಲ. ಪಾಲಿನ ವಿಷಯಕ್ಕೆ ಮೂಗು ಮುರಿಯುತ್ತಾರೆ, ಆದರೆ ಆ ಓಟು ಮಾತ್ರ ಅವಳದಲ್ಲ, ಅಪ್ಪನ ಮಣ್ಣಿನ ಹೊತ್ತಿನಲ್ಲಿ ಯಾರಾದರೂ ಅಂಥದ್ದು ಮಾಡುತ್ತಾರೆಯೇ ಎನ್ನುತ್ತಾರೆ. ಮುಂದಿನ ತಿಂಗಳ ಚುನಾವಣೆಗೆ ನಿನಗೆ ಉಳಿದಿರುವುದು ಅದೊಂದೇ ಎಂದು ನನಗೂ ಅರ್ಥವಾಗುತ್ತದೆ. ಅದಕ್ಕೇ ನೀನು ಈ ಕಾಗದ ಕಳಿಸಿರುವುದು. ಅದರಲ್ಲಿ ಹೀಗಿದೆ: ಮಗಳು ಇಡೀ ಹೊತ್ತು ನನ್ನ ತೋಳು ಹಿಡಿದೇ ನಿಂತಿದ್ದಳು, ಅವಳ ಫೋನು ಚೀಲದಲ್ಲಿ ಆಫ್ ಆಗಿತ್ತು, ಸಂಸತ್ತಿನಲ್ಲಿ ಪಕ್ಕದ ಸೀಟಿನ ಕ್ರುಮ್ ಎಂಬವರು ಅವಳಿಗೆ ಗೊತ್ತಿಲ್ಲದೆ ಅವಳ ಕಾರ್ಡು ಬಳಸಿದ್ದಾರೆ. ಕೆಳಗೆ ನನ್ನ ಹೆಸರು ಟೈಪು ಮಾಡಿ, ಅದರ ಮೇಲೆ ಸಹಿಗೆ ಜಾಗ ಬಿಟ್ಟಿದ್ದೀರಿ.

ಕಲಿನಾ, ನಾನು ನಿನ್ನ ಹಿಂದೆ ಬಂದಿದ್ದೆ.

ಪಾದ್ರಿಗಳು ಪೆಟ್ಟಿಗೆಯ ಮೇಲೆ ವೈನ್ ಸುರಿಯುತ್ತಿದ್ದಾಗ ನೀನು ನನ್ನ ತೋಳು ಬಿಟ್ಟು ಪಕ್ಕದ ದೊಡ್ಡ ಸಮಾಧಿಯ ಹಿಂದಕ್ಕೆ ಹೋದೆ. ಜನರೆದುರು ಅಳಲಾರದೆ ಹೋದಳು ನನ್ನ ಕೂಸು ಎಂದುಕೊಂಡೆ. ಎಳೆಯವಳಾಗಿದ್ದಾಗಲೂ ನೀನು ಕಪಾಟಿನ ಹಿಂದೆ ನಿಂತೇ ಅಳುತ್ತಿದ್ದವಳು. ತಬ್ಬಿಕೊಳ್ಳೋಣ ಎಂದು ಬಂದೆ. ನೀನು ನನಗೆ ಬೆನ್ನು ಹಾಕಿ ಫೋನು ಹಿಡಿದಿದ್ದೆ. “ಕ್ರುಮ್ ಅವ್ರೇ, ನನ್ನ ಕಾರ್ಡು ಡ್ರಾಯರ್‌ನಲ್ಲೇ ಇದೆ, ಎಡಗಡೇದು. ಹಸಿರು ಒತ್ತಿಬಿಡಿ. ಒಂದು ಓಟು ಕಮ್ಮಿ ಆದ್ರೂ ಬಿದ್ದೋಗತ್ತೆ, ನಿಮ್ಮ ದಮ್ಮಯ್ಯ. ಇಲ್ಲೀದಾ? ಇಲ್ಲಿ ಏನಿಲ್ಲ, ಇನ್ನೇನು ಮುಗೀತು.”

ಹಸಿರು ಒತ್ತಿಸಿದ್ದನ್ನು ನಾನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆನೋ ಏನೋ. ಬಾಯ್ಲರ್ ಹೊಟ್ಟೆಗೆ ಹೋಯಿತಲ್ಲ, ಹಾಗೆ. ಆದರೆ ಇಲ್ಲಿ ಏನಿಲ್ಲ, ಇನ್ನೇನು ಮುಗೀತು ಎಂದೆಯಲ್ಲ. ಅಲ್ಲಿ ನಿನ್ನ ಅಪ್ಪನ ಮೇಲೆ ಇನ್ನೂ ಮಣ್ಣು ಬಿದ್ದಿರಲಿಲ್ಲ. ಚಳಿಯಲ್ಲಿ ನಿನ್ನ ಶೂ ಒಳಗೆ ಬೆಚ್ಚಗಿರಲಿ ಎಂದು ಬೆಳಗ್ಗೆ ಅದನ್ನು ಒಲೆಯ ಪಕ್ಕ ಇಡುತ್ತಿದ್ದ ಮನುಷ್ಯ ಆ ಪೆಟ್ಟಿಗೆಯೊಳಗೆ ಮಲಗಿದ್ದ. ನಾನು ಸದ್ದಿಲ್ಲದೆ ವಾಪಸು ಬಂದು ನನ್ನ ಜಾಗದಲ್ಲಿ ನಿಂತೆ. ನೀನು ಬಂದಾಗ ಕಣ್ಣು ಕೆಂಪಗಿತ್ತು. ನೋಡಿ ಪಾಪ, ಎಷ್ಟು ಅತ್ತಿದ್ದಾಳೆ ಎಂದು ಹೆಂಗಸರು ಪಿಸುಗುಟ್ಟಿದರು. ನಿಜವಾಗಿ ಅತ್ತಿದ್ದೆಯೋ ಏನೋ, ಅದು ನನಗೆ ಇವತ್ತಿಗೂ ತಿಳಿಯದು. ಸತ್ತವರ ಹೆಸರಿನಲ್ಲಿ ಹಂಚುವ ಬೇಯಿಸಿದ ಗೋಧಿಯನ್ನು ನಿನ್ನ ಅಂಗೈಗೆ ಹಾಕುವಾಗ ನಿನ್ನ ಮುಖ ನೋಡಲು ನನಗೆ ನಾಚಿಕೆಯಾಯಿತು. ತಪ್ಪು ನಿನ್ನದು, ನಾಚಿಕೆ ನನಗೆ.

ಆ ಕ್ರುಮ್ ಅಪ್ಪನ ನಲವತ್ತನೆಯ ದಿನದ ಪ್ರಾರ್ಥನೆಗೆ ಬಂದಿದ್ದರಲ್ಲ. ವಯಸ್ಸಾದವರು, ಕೋಲು ಊರಿಕೊಂಡು ಗುಡ್ಡ ಹತ್ತಿ ಬಂದು ಸಮಾಧಿಯ ಮೇಲೆ ತಾವೇ ಮೇಣದ ಬತ್ತಿ ಹಚ್ಚಿದರು. ನನ್ನ ಕೈ ಹಿಡಿದು, “ತಂದೆಯನ್ನ ಮಣ್ಣು ಮಾಡೋ ದಿನ ಮಕ್ಕಳು ಏನು ಕೇಳಿದ್ರೂ ಇಲ್ಲ ಅನ್ನೋಕಾಗಲ್ಲಮ್ಮ,” ಎಂದರು. ಆಗ ಅರ್ಥವಾಗದವಳ ಹಾಗೆ ತಲೆಯಾಡಿಸಿದೆ. ಈಗ ನೀನು ಅವರನ್ನು ಕಳ್ಳನೆಂದು ಬರೆದಿದ್ದೀಯೆ.

ಸೋಮವಾರ ಆ ಪೇಪರಿನ ಹುಡುಗಿ ಬಂದಿದ್ದಳು, ಬಿಲ್ಯಾನಾ ಅಂತೆ ಹೆಸರು. ಕೆಟ್ಟ ಹುಡುಗಿಯೇನಲ್ಲ. ನಾನು ಹೇಳುವ ಮೊದಲೇ ಬಾಗಿಲಲ್ಲಿ ಬೂಟು ಬಿಚ್ಚಿದಳು, ಕಾಲುಚೀಲದಲ್ಲಿ ತೂತಿತ್ತು. ಪ್ಲಮ್ ಜಾಮ್ ಕೊಟ್ಟೆ, ಕಾಫಿ ಕೊಟ್ಟೆ. “ಅಜ್ಜೀ, ನಾನು ನಿಮ್ಮನ್ನ ನೋಯಿಸೋಕೆ ಬಂದಿಲ್ಲ. ಒಂದೇ ಒಂದು ವಿಷಯ ಕೇಳ್ತೀನಿ. ಆವತ್ತು ಅಲ್ಲಿ ನಿಮ್ಮ ಮಗಳು ಫೋನಲ್ಲಿ ಮಾತಾಡಿದ್ರಾ?” ಎಂದಳು. ಅವಳಿಗೆ ಏನು ಹೇಳಿದೆ ಎಂದು ನೀನು ನಿನ್ನೆ ಮೂರು ಸಲ ಕೇಳಿದೆ, ನಾನು ಕೋಸಿನ ವಿಷಯ ತೆಗೆದೆ. ಈಗಲೂ ಬರೆಯಲು ಕೈ ಬರುತ್ತಿಲ್ಲ.

ನಿನ್ನ ಕಾಗದವನ್ನು ಸಹಿಯಿಲ್ಲದೆ ಈ ಪತ್ರದ ಜೊತೆ ಮಡಿಸಿ ಇಟ್ಟಿದ್ದೇನೆ. ಸಿಟ್ಟಾಗಬೇಡ. ನೀನು ಗೆಲ್ಲುವುದು ನನಗೆ ಬೇಡವೆಂದಲ್ಲ. ನೀನು ಮೊದಲ ಸಲ ಗೆದ್ದ ರಾತ್ರಿ ಅಪ್ಪ ಅಂಗಳದಲ್ಲಿ ಒಬ್ಬನೇ ಕುಣಿದ, ನಾನು ಕಿಟಕಿಯಿಂದ ನೋಡಿದ್ದೆ. ಆದರೆ ಈ ಸಲ ಗೆಲ್ಲಬೇಕೆಂದರೆ ಆ ಮುದುಕನನ್ನು ಮೆಟ್ಟಿ ಗೆಲ್ಲಬೇಕು, ಅದೂ ಅಪ್ಪನ ಪೆಟ್ಟಿಗೆಯ ಮೇಲೆ ನಿಂತು. ಸೀಟು ಹೋದರೆ ಮನೆಗೆ ಬಾ. ಕೋಸು ಬೇಕಾದಷ್ಟಿದೆ, ನಿನ್ನ ಕೋಣೆಯೂ ಖಾಲಿಯಿದೆ. ಒಂದಷ್ಟು ದಿನ ಊರಿನವರು ಮುಖ ತಿರುಗಿಸುತ್ತಾರೆ, ಇಬ್ಬರೂ ಒಟ್ಟಿಗೆ ತಲೆ ತಗ್ಗಿಸಿ ಓಡಾಡೋಣ. ನೀನೇ ಆ ಹುಡುಗಿಗೆ ಫೋನು ಮಾಡಿ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡು. ನನ್ನ ಮಗಳಿಗೆ ಅಷ್ಟು ಧೈರ್ಯವಿದೆ ಎಂದು ನಂಬಿದ್ದೇನೆ.

ಕಾರಿನವನು ಗಡಿಯಾರ ನೋಡುತ್ತಿದ್ದಾನೆ. ಅವನ ಕೈಯಲ್ಲಿ ಒಂದು ಜಾಡಿ ಜಾಮ್ ಕಳಿಸುತ್ತಿದ್ದೇನೆ. ಬೆಚ್ಚಗೆ ಇರು.

ನಿನ್ನ ಕೆನ್ನೆಗೆ ಮುತ್ತಿಟ್ಟು,
ನಿನ್ನ ಅಮ್ಮ
ರಾದ್ಕಾ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ನಿನಗೆ ನನ್ನ ಸಹಿ ಬೇಕಾಗಿಯೇ ಇರಲಿಲ್ಲ ಕಲಿನಾ. ನೀನು ಬಾಯಿ ಬಿಟ್ಟು ಕೇಳುವ ಮೊದಲೇ ನಾನು ಕೊಟ್ಟಾಗಿತ್ತು. ಆ ಹುಡುಗಿ ಕೇಳಿದ ಕೂಡಲೇ, ಯೋಚಿಸಲೂ ಇಲ್ಲ, “ಇಲ್ಲಮ್ಮ, ನನ್ನ ತೋಳು ಹಿಡ್ಕೊಂಡೇ ನಿಂತಿದ್ದಳು, ಫೋನು ಮುಟ್ಟೇ ಇಲ್ಲ. ಯಾರೋ ಕದ್ದು ಒತ್ತಿದಾರೆ,” ಎಂದುಬಿಟ್ಟೆ. ದೇವರ ಪಟದ ಕಡೆ ಕೈ ತೋರಿಸಿ ಆಣೆ ಬೇರೆ ಇಟ್ಟೆ. ಅವಳು ನಂಬಿದಳು, ಕಣ್ಣಲ್ಲಿ ನೀರು ತಂದುಕೊಂಡು ನನ್ನ ಕೈಗೆ ಮುತ್ತು ಕೊಟ್ಟು ಹೋದಳು. ಪಕ್ಕದ ಸೀಟು ಕ್ರುಮ್ ಅವರದೆಂದು ಅವಳಿಗೆ ಮೊದಲೇ ಗೊತ್ತು, ನಾಳೆಯ ಪೇಪರಿನಲ್ಲಿ ಅವರ ಹೆಸರಿನೊಂದಿಗೆ ಅದು ಬರುತ್ತದೆ ಎಂದು ಹೇಳಿಯೇ ಹೋಗಿದ್ದಾಳೆ. ಬೆಳಗ್ಗೆಯಿಂದ ಅವಳ ನಂಬರು ಹಿಡಿದು ಫೋನಿನ ಮುಂದೆ ಕೂತಿದ್ದೆ, ಒಂದು ಸಲವೂ ತಿರುಗಿಸಲಿಲ್ಲ. ತಿರುಗಿಸುತ್ತೇನೆಂದು ನನಗೆ ನನ್ನ ಮೇಲೇ ನಂಬಿಕೆಯಿಲ್ಲ. ನಂಬರು ಈ ಹಾಳೆಯ ಹಿಂದುಗಡೆ ಬರೆದಿದ್ದೇನೆ, ಇವತ್ತು ರಾತ್ರಿಯೊಳಗೆ ನೀನು ಅವಳಿಗೆ ಫೋನು ಮಾಡು.