ಬಂದ ದಿನದ ಶಾವಿಗೆ

ಶೆನ್ಯಾಂಗ್, ಚೀನಾ
ಸೆಪ್ಟೆಂಬರ್ ೧೪

ಜವಾದಿಯ ತಾಯಿಯವರಿಗೆ ಅವಳ ಮನೆಯೊಡತಿಯ ನಮಸ್ಕಾರ.

ನಿಮ್ಮ ಮಗಳು ಆರೋಗ್ಯವಾಗಿದ್ದಾಳೆ. ನಾವಿಲ್ಲಿ ಬಿಸಿನೀರೇ ಕುಡಿಯುವವರು; ತಣ್ಣೀರು ಕುಡಿಯುವ ಚಟವೊಂದನ್ನು ಬಿಟ್ಟರೆ ಒಳ್ಳೆಯ ಹುಡುಗಿ.

ತಪ್ಪು ನನ್ನಿಂದಾಗಿದೆ. ಓದಲೆಂದು ಟಾಂಜಾನಿಯಾದಿಂದ ಬಂದಿಳಿದ ದಿನ ಅವಳು ಹಸಿದಿದ್ದಳು. ಮನೆಯಲ್ಲಿದ್ದ ಕಡುಬನ್ನೇ ಬೇಯಿಸಿ ಬಡಿಸಿಬಿಟ್ಟೆ. ಒಂಬತ್ತು ದಿನವಾದರೂ ಅವಳು ಪೆಟ್ಟಿಗೆ ಬಿಚ್ಚಲಿಲ್ಲ. ಫೋನಿನಲ್ಲಿ ನಿಮಗೆ ಏನು ಹೇಳುತ್ತಿದ್ದಳೋ, ನಿಮ್ಮ ಭಾಷೆ ನನಗೆ ಬಾರದು; ಈ ಕಾಗದವನ್ನೂ ಬಲ್ಲವರೊಬ್ಬರಿಂದ ನಿಮ್ಮ ಭಾಷೆಯಲ್ಲಿ ಬರೆಸುತ್ತಿದ್ದೇನೆ. ಅಳು ಮಾತ್ರ ಅರ್ಥವಾಗುತ್ತಿತ್ತು.

ಪಕ್ಕದ ಮನೆಯ ಲುವಾನ್ ಅಕ್ಕ ವಿಷಯ ಕೇಳಿ ಹಣೆ ಚಚ್ಚಿಕೊಂಡಳು. "ಬಂದೋರಿಗೆ ಶಾವಿಗೆ, ಹೊರಟೋರಿಗೆ ಕಡುಬು ಅಂತ ಮಕ್ಕಳಿಗೂ ಗೊತ್ತು. ಬಂದ ದಿನಾನೇ ಹೋಗ್ಬಾ ಅಂದ್ಬಿಟ್ಯಲ್ಲೇ!"

ಭಾನುವಾರ ಹಿಟ್ಟು ನಾದಿ ಉದ್ದುದ್ದ ಶಾವಿಗೆ ಎಳೆದೆ. ಜವಾದಿಯ ಕೈಗೆ ಪೆಟ್ಟಿಗೆ ಕೊಟ್ಟು ಕೆಳಗಿನ ಗೇಟಿನವರೆಗೂ ಇಳಿಸಿದೆ. ಅವಳಿಗೆ ದಿಗಿಲಾಯಿತು.

"ಚಿಕ್ಕಮ್ಮ, ನಾನೇನ್ ತಪ್ಪು ಮಾಡ್ದೆ?"

"ತಪ್ಪು ನಂದು ಕಣೇ. ಈಗ ಹತ್ತಿ ಬಾ, ಇವತ್ತೇ ಊರಿಂದ ಬಂದ ಹಾಗೆ."

ವಿಷಯ ತಿಳಿದ ಮೇಲೆ ನಗುತ್ತಾ ನಾಲ್ಕು ಮಹಡಿ ಪೆಟ್ಟಿಗೆ ಹೊತ್ತು ಬಂದಳು, ಎರಡು ಬಟ್ಟಲು ಶಾವಿಗೆ ತಿಂದಳು. ಸಂಜೆ ಆ ಪೆಟ್ಟಿಗೆಯಿಂದ ನಿಮ್ಮ ಹಳದಿ ಹೂವಿನ ಬಟ್ಟೆ ಹೊರಬಂದು ಕಿಟಕಿಗೆ ಪರದೆಯಾಯಿತು.

ಇಲ್ಲಿ ಚಳಿ ಬೇಗ ಬರುತ್ತದೆ. ಸ್ವೆಟರ್ ಕಳಿಸಬೇಡಿ, ನಾನೇ ಹೆಣೆದುಕೊಡುತ್ತೇನೆ. ಅವಳಿಗೆ ಇಷ್ಟವಾದ ಬಣ್ಣ ಯಾವುದೆಂದು ಮಾತ್ರ ಗುಟ್ಟಾಗಿ ತಿಳಿಸಿ.

ರಜೆಗೆ ಹೊರಟಾಗ ಕಡುಬು ತಿನ್ನಿಸಿಯೇ ಕಳಿಸುತ್ತೇನೆ. ಹೋದವರನ್ನು ಮರಳಿ ಕರೆತರುವ ಊಟ ನಿಮ್ಮೂರಲ್ಲಿ ಯಾವುದಾದರೂ ಇದ್ದರೆ, ದಯವಿಟ್ಟು ಅದನ್ನು ಬಡಿಸಿ ಕಳಿಸಿ.

ಇಂತಿ,
ಶಾವ್ ಗುಯಿಝೆನ್