ಯಂತ್ರ ಅಳೆದ ಜೋಗುಳ

ಇಚಲಕರಂಜಿ
ಗುರುವಾರ, 6-2-2025

ಪ್ರೀತಿಯ ತಂಗಿ ನೀಲವ್ವನಿಗೆ ಅಕ್ಕ ಕಲ್ಲವ್ವನ ಆಶೀರ್ವಾದ.

ದೀಪಾವಳಿಗೆ ನೀನು ಬರೆದ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ದಿನಾ ಫೋನಿನಲ್ಲಿ ಮಾತಾಡುತ್ತೇವೆ ನಿಜ, ಆದರೆ ಅಲ್ಲಿ ನಾನು ಪಲ್ಯದ ಸುದ್ದಿಯಲ್ಲೇ ಹೊತ್ತು ಕಳೆದುಬಿಡುತ್ತೇನೆ. ನನ್ನ ಹಿರಿಮಗಳು ಸ್ನೇಹಲ, ಅವಳ ಕೂಸು ಇಬ್ಬರೂ ಆರಾಮ. ರವಿವಾರ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುತ್ತೇವೆ. ಜೋಗುಳ ನೀನೇ ಹಾಡಬೇಕು. ಹನ್ನೆರಡು ವರ್ಷದಿಂದ ನೀನು ಯಾರ ತೊಟ್ಟಿಲ ಮುಂದೆಯೂ ಹಾಡಿಲ್ಲ. ಈ ಸಲ ನೆಪ ಕೇಳುವುದಿಲ್ಲ.

ನಗುವ ಸುದ್ದಿಯೊಂದಿದೆ. ಹಾಡು ಕೇಳಿದರೆ ಮೈ ಯಾಕೆ ಜುಮ್ಮೆನ್ನುತ್ತದೆ ಎಂದು ನಮ್ಮ ಕಿರಿಮಗಳು ಮಯೂರಿ ಕೊಲ್ಹಾಪುರದ ಕಾಲೇಜಿನಲ್ಲಿ ಸಂಶೋಧನೆ ನಡೆಸಿದ್ದಾಳಲ್ಲ, ಸ್ನೇಹಲಳ ಹೆರಿಗೆಗೆ ನಾಲ್ಕು ದಿನ ಮೊದಲು ನಮ್ಮ ಭಜನಾ ಮಂಡಳಿಯ ಐವರನ್ನು ಕೂರಿಸಿ, ಬೆರಳಿಗೆ ಪಟ್ಟಿ ಕಟ್ಟಿ, ಒಂದೊಂದೇ ಹಾಡು ಹಚ್ಚಿದಳು. ನಮ್ಮ ಮುಖ ನೋಡಬಾರದಂತೆ, ಅದಕ್ಕೆ ತಾನು ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಳು. ನಮ್ಮ ಎದೆಬಡಿತ, ಬೆವರು ಎಲ್ಲ ಅದರಲ್ಲಿ ಗೆರೆಯಾಗಿ ಮೂಡುತ್ತದೆ. ಮಂಗಳಾರತಿಯ ಹಾಡು ಶುರುವಾದದ್ದೇ ತಡ, ಐವರ ಗೆರೆಯೂ ಮೇಲಕ್ಕೆ ಹಾರಿತಂತೆ. ಹುಡುಗಿ ಖುಷಿಯಿಂದ ಹೊರಗೆ ಓಡಿ ಬಂದು ನೋಡಿದರೆ ನಾವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೇವೆ, ಪಟ್ಟಿಗಳು ನೆಲದ ಮೇಲಿವೆ.

‘ಆರತಿ ಹಚ್ಚಿ ಕೂತ್ಕೋರಿ ಅಂದ್ರ ಹ್ಯಾಂಗ ಕೂಡೂದವ್ವಾ?’ ಎಂದು ಪಕ್ಕದ ಮನೆಯ ಹೀರಾಬಾಯಿ ಅವಳನ್ನೇ ಗದರಿದಳು. ನಕ್ಕು ನಕ್ಕು ನನಗೆ ಹೊಟ್ಟೆ ಹಿಡಿದುಕೊಂಡಿತು.

ಮತ್ತೆ ಪಟ್ಟಿ ಕಟ್ಟಿಸಿಕೊಂಡು ಕೂತೆವು. ಕೊನೆಗೆ ಬಂದದ್ದು ನಿನ್ನ ದನಿ. ಸಂಕ್ರಾಂತಿಗೆ ಮಯೂರಿ ಗಡಹಿಂಗ್ಲಜಕ್ಕೆ ನಿನ್ನ ಮನೆಗೆ ಬಂದಾಗ, ನೀನು ಜೋಳ ಹಸನು ಮಾಡುತ್ತ ಗುನುಗಿದ ಜೋಗುಳವನ್ನು ಗುಟ್ಟಾಗಿ ಮೊಬೈಲಿನಲ್ಲಿ ಹಿಡಿದಿದ್ದಳು. ನಡುವೆ ನೀನು ಬೆಕ್ಕನ್ನು ಬೈದದ್ದೂ ಇತ್ತು. ನಾನು ನಕ್ಕೆ, ನಗುತ್ತಲೇ ಅತ್ತೆ. ಕೂತಲ್ಲೇ ಕೂತಿದ್ದರೂ ನನ್ನ ಗೆರೆ ಆರತಿಯನ್ನೂ ಮೀರಿ ಹೋಯಿತು.

‘ಇದಕ್ಕ ನಿನ್ನ ವಿಜ್ಞಾನ ಏನ ಅಂತೈತಿ?’ ಎಂದು ಕೇಳಿದೆ.

‘ಹಳೇ ನೆನಪು ಎದ್ರ ಮೆದುಳಿನ್ಯಾಗ ಹಿಂಗ ಆಗತೈತಿ, ಅವ್ವಾ. ಎಷ್ಟ ಆತು ಅನ್ನೂದು ಯಂತ್ರ ಹೇಳತೈತಿ. ಯಾಕ ಆತು ಅನ್ನೂದು ನೀನ ಹೇಳಬೇಕು’ ಎಂದಳು.

ಕಾಳು ನೆನೆಹಾಕಬೇಕು ಎಂದು ನಾನು ಎದ್ದು ಹೋದೆ.

ಈ ಪತ್ರವನ್ನು ಶನಿವಾರ ಮಯೂರಿಯೇ ತಂದು ಕೊಡುತ್ತಾಳೆ. ಹಸಿರು ಇಳಕಲ್ ಸೀರೆ ಉಟ್ಟು ಅವಳ ಜೊತೆಗೇ ಎಸ್‌ಟಿ ಬಸ್ಸು ಹತ್ತು. ಆರೋಗ್ಯವಾಗಿರು, ನೂರು ವರ್ಷ ಬಾಳು, ದನಿ ಹೀಗೇ ಇರಲಿ.

ನಿನ್ನ ಅಕ್ಕ,
ಕಲ್ಲವ್ವ

ತಾ.ಕ.: ಮಯೂರಿಗೆ ಕೊಡದ ಉತ್ತರವನ್ನು ನಿನಗೆ ಕೊಡುತ್ತೇನೆ. ಬರುವುದು ಬಿಡುವುದು ನಿನ್ನಿಷ್ಟ, ಆದರೆ ಇದನ್ನು ಮುಚ್ಚಿಟ್ಟು ನಿನ್ನಿಂದ ಹಾಡಿಸಿಕೊಳ್ಳಲಾರೆ. ನಿನ್ನ ಗಂಡ ತೀರಿದ ವರ್ಷ, ನನ್ನ ನಾದಿನಿಯ ಮಗನ ತೊಟ್ಟಿಲ ದಿನ, ನೀನು ಹಾಡಲು ಬಾಯಿ ತೆರೆದಾಗ ನಮ್ಮ ಅತ್ತೆ ‘ಬ್ಯಾಡವ್ವಾ, ನೀ ಹಿಂದ ಕೂಡು’ ಅಂದರಲ್ಲ. ಅದಕ್ಕೆ ನೀನು ಇವತ್ತಿಗೂ ಅವರನ್ನು ಬೈಯುತ್ತೀ, ನಾನೂ ಹೌದು ಹೌದು ಅನ್ನುತ್ತೇನೆ. ಅದು ಅವರ ಮಾತಲ್ಲ, ನೀಲವ್ವ. ಗಂಡ ಸತ್ತವಳ ಹಾಡು ಕೂಸಿಗೆ ಒಳ್ಳೆಯದಲ್ಲ ಎಂದು ಅಡುಗೆಮನೆಯಲ್ಲಿ ಅವರ ಕಿವಿಗೆ ಹಾಕಿದವಳು ನಾನು.